ಮತ್ತೆ ಅದೇ ವೈರು

ಕಾರು ಆವತ್ತೂ ಸ್ಟಾರ್ಟ್ ಆಗಲಿಲ್ಲ. ಅಪ್ಪ ಕೀಲಿ ತಿರುಗಿಸಿದರು, ಮುಂದಿನ ದೀಪಗಳೆಲ್ಲ ಹತ್ತಿದವು, ಇಂಜಿನ್ನು ಮಾತ್ರ ಜಪ್ಪಯ್ಯ ಅಂದರೂ ಉಸಿರೆತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಶಾಲೆಯ ಚೀಲ ತಬ್ಬಿಕೊಂಡು ಕೂತಿದ್ದ ನನ್ನ ಮಗಳು ಚಿಲ್ಟು, "ತಾತ, ಇಲಿ ಮತ್ತೆ ಬಂತಾ?" ಎಂದು ಖುಷಿಯಿಂದ ಕೇಳಿದಳು. ಶಾಲೆಗೆ ತಡವಾದರೆ ಅವಳಿಗೆ ಹಬ್ಬ. ನನಗೆ ಮೈಯೆಲ್ಲ ಉರಿದುಹೋಯಿತು.

"ಇಳಿಯೇ ಕೆಳಗೆ," ಎಂದು ಅವಳ ಮೇಲೆ ರೇಗಿದೆ. ಪಾಪ, ಅವಳೇನು ಮಾಡಿದ್ದಳು? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮದುವೆಯ ಸಹವಾಸ ಸಾಕೆಂದು ಮಗಳನ್ನು ಕರೆದುಕೊಂಡು ತವರಿಗೆ ಬಂದವಳು ನಾನು. ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆ ಬೇಗ ಬಾಗಿಲು ತೆಗೆಯುವವಳು ನಾನೇ. ಚಿಲ್ಟುವಿನ ಶಾಲೆ ಊರಿನ ಆಚೆ ತುದಿಗೆ, ಲ್ಯಾಬು ಈಚೆ ತುದಿಗೆ. ಅಮ್ಮನಿಗೆ ಮಂಡಿನೋವು. ಉಳಿದವರು ಅಪ್ಪ, ಅಪ್ಪನ ಕಾರು.

ಅಪ್ಪ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಒಮ್ಮೆಯೂ ಬಸ್ಸು ಹತ್ತಿದವರಲ್ಲ. "ಬೇರೆಯವರು ಓಡ್ಸೋ ಬಸ್ಸಲ್ಲಿ ಕೂತ್ರೆ ನನ್ನ ಕಾಲು ಸೀಟಿನ ಕೆಳಗೆಲ್ಲ ಬ್ರೇಕ್ ಹುಡುಕುತ್ತೆ ಕಣಮ್ಮ," ಎನ್ನುತ್ತಾರೆ. ಈ ಕಾರನ್ನು ದಿನಾ ಒರೆಸುತ್ತಾರೆ, ಚಕ್ರದ ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ ಸಿಕ್ಕಿದ ಮೇಲಂತೂ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೊರಟವರ ಹಾಗೆ ಹೊರಡುತ್ತಿದ್ದರು.

ಮೊದಲ ಸಲ ನಿಜವಾಗಿಯೂ ಇಲಿಯೇ. ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿದಾಗ ಒಳಗೊಂದು ಸಂಸಾರವೇ ಇತ್ತು. ನಮ್ಮ ಹಳೆಯ ಟವೆಲ್ಲಿನ ಚೂರು, ಕಾಗದದ ಪುಡಿ, ಎಲ್ಲಿಂದಲೋ ಹೊತ್ತು ತಂದ ಹತ್ತಿ. ಅವನು ಸ್ಟಾರ್ಟರ್‌ಗೆ ಹೋಗುವ ತೆಳ್ಳಗಿನ ವೈರನ್ನು ಬೆರಳಲ್ಲಿ ಎತ್ತಿ ಹಿಡಿದು, ನಮ್ಮೆಲ್ಲರಿಗೂ ಪಾಠ ಮಾಡುವವನ ಹಾಗೆ, "ನೋಡಿ, ಇದೊಂದು ಹೋದ್ರೆ ಸಾಕು, ಗಾಡಿ ಅಲ್ಲಾಡಲ್ಲ. ಬೇರೆ ಏನೂ ತೊಂದ್ರೆ ಇಲ್ಲ," ಎಂದ. ಅಮ್ಮ ಚಹಾದ ಲೋಟ ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತು ಬಗ್ಗಿ ಬಗ್ಗಿ ನೋಡಿದಳು. ಆ ವೈರಿನ ತುದಿಯನ್ನು ನಾನೂ ನೋಡಿದೆ. ಹಲ್ಲು ನನ್ನ ಕಸುಬು, ಎಲ್ಲಿ ಕಂಡರೂ ಬಿಡುವವಳಲ್ಲ. ಎರಡು ಸಣ್ಣ ಉಳಿಗಳನ್ನು ಜೋಡಿಸಿ ಕೆತ್ತಿದ ಹಾಗೆ ಬಾಚಿಹಲ್ಲಿನ ಗೀರುಗಳು, ಅಂಚೆಲ್ಲ ನಾರುನಾರು. ಎಂಥ ಚೆಂದದ ಕಚ್ಚು ಎಂದು ಮೆಚ್ಚಿಕೊಂಡೆ ಕೂಡ.

ಎರಡನೆಯ ಸಲ ಮೆಚ್ಚುವ ವ್ಯವಧಾನ ಇರಲಿಲ್ಲ. ಬಾನೆಟ್ಟಿನೊಳಗೆ ಮೆಣಸಿನ ಪುಡಿ ಎರಚಿದೆ, ನುಸಿಗುಳಿಗೆ ಗಂಟು ಕಟ್ಟಿ ತೂಗುಹಾಕಿದೆ, ಬೋನು ಇಟ್ಟೆ. ಬೋನಿಗೊಂದು ಇಲಿ ಬಿತ್ತು. ಬೀದಿಯ ಕೊನೆಯ ಖಾಲಿ ಜಾಗದವರೆಗೆ ಹೊತ್ತುಕೊಂಡು ಹೋಗಿ ಬಿಟ್ಟು, ಅದಕ್ಕೆ ಬಾಯಿಗೆ ಬಂದದ್ದೆಲ್ಲ ಬೈದು ಬಂದೆ. ಅಮ್ಮ ಮೆಣಸಿನ ಪುಡಿಯ ಡಬ್ಬಿಯನ್ನು ತಾನೇ ತಂದುಕೊಟ್ಟು, "ಇನ್ನೂ ಸ್ವಲ್ಪ ಹಾಕು," ಎಂದಿದ್ದಳು.

ಈಗ ಮೂರನೆಯ ಸಲ. ಚಿಲ್ಟುವನ್ನು ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹತ್ತಿಸಿ, ಗ್ಯಾರೇಜಿನ ಹುಡುಗನಿಗೆ ಫೋನು ಮಾಡಿದೆ. ಅವನು ಬಂದು ಇಣುಕಿ ನೋಡಿ ನಕ್ಕ. "ಮತ್ತೆ ಅದೇ ವೈರು ಅಕ್ಕ. ಈ ಇಲಿಗೆ ಬೇರೆ ಯಾವುದೂ ರುಚಿಸಲ್ಲ ನೋಡಿ." ತುಂಡಾದ ಚೂರನ್ನು ಬಿಚ್ಚಿ ತೆಗೆದು ನನ್ನ ಕೈಗಿಟ್ಟು, ಹೊಸ ವೈರು ತರುತ್ತೇನೆಂದು ಹೋದ. ನಾನು ಅದನ್ನು ಜೇಬಿಗೆ ಹಾಕಿಕೊಂಡು ಲ್ಯಾಬಿಗೆ ಓಡಿದೆ.

ಲ್ಯಾಬಿನಲ್ಲಿ ಯಾರದೋ ಕೆಳದವಡೆಯ ಮೇಣದ ಅಚ್ಚಿನಲ್ಲಿ ಹಲ್ಲು ಕೂರಿಸುತ್ತಿದ್ದೆ, ಒಂದು ಸೊಟ್ಟಗಾಯಿತು, ಕಿತ್ತು ಮತ್ತೆ ಇಟ್ಟೆ, ಮತ್ತೆ ಸೊಟ್ಟಗಾಯಿತು. ತಲೆಯೆಲ್ಲ ಆ ಇಲಿಯ ಮೇಲೇ. ಕೊನೆಗೆ ಜೇಬಿನಿಂದ ವೈರಿನ ಚೂರು ತೆಗೆದು ಕನ್ನಡಕದ ಭೂತಗಾಜಿನ ಕೆಳಗೆ ಹಿಡಿದೆ.

ಕಚ್ಚೇ ಇರಲಿಲ್ಲ. ಒಂದು ಗೀರಿಲ್ಲ, ನಾರಿಲ್ಲ. ಮೇಲಿನ ಪ್ಲಾಸ್ಟಿಕ್ಕಿನಿಂದ ಒಳಗಿನ ತಾಮ್ರದ ಎಳೆಗಳವರೆಗೆ ಒಂದೇ ಸಮ, ಸ್ವಲ್ಪ ಚಪ್ಪಟೆ. ಎರಡು ಅಲಗುಗಳು ಎರಡೂ ಕಡೆಯಿಂದ ಬಂದು ಸೇರಿದ ಗುರುತು. ಕತ್ತರಿ.

ಮೊದಲು ನೆನಪಾದವನು ಎದುರು ಮನೆಯವನು. ಕಾರು ಅವನ ಗೇಟಿಗೆ ಅಡ್ಡ ನಿಲ್ಲುತ್ತದೆಂದು ಅವನಿಗೂ ನನಗೂ ಒಮ್ಮೆ ಮಾತಿಗೆ ಮಾತು ಬೆಳೆದಿತ್ತು. ಸಂಜೆ ಹೋಗಿ ಅವನ ಮರ್ಯಾದೆಯನ್ನು ಬೀದಿಗೆ ಎಳೆಯಬೇಕು ಎಂದು ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡೆ. ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಹೊಳೆಯಿತು. ನಮ್ಮ ಕಾರಿನ ಬಾನೆಟ್ ಹೊರಗಿನಿಂದ ತೆರೆಯುವುದಿಲ್ಲ. ಸ್ಟೀರಿಂಗಿನ ಕೆಳಗೆ ಕೈ ಹಾಕಿ ಹಿಡಿಕೆ ಎಳೆಯಬೇಕು. ಅದಕ್ಕೆ ಕಾರಿನ ಬಾಗಿಲು ತೆಗೆಯಬೇಕು. ಕೀಲಿ ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತದೆ.

ಮನೆ ಸೇರುವಷ್ಟರಲ್ಲಿ ಕಾರು ರಿಪೇರಿಯಾಗಿತ್ತು. ಅಪ್ಪ ಚಿಲ್ಟುವನ್ನು ಕೂರಿಸಿಕೊಂಡು ಗೇಟಿನೊಳಗೇ ಇಂಜಿನ್ನು ಗುರುಗುಟ್ಟಿಸುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಸೀದಾ ಅಡುಗೆಮನೆಗೆ ಹೋದೆ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ವೈರಿನ ಚೂರನ್ನು ಅವಳ ಮುಂದೆ ಇಟ್ಟೆ.

"ಇದ್ಯಾವ ಇಲಿ ಅಮ್ಮ?"

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ದಿಂಬಿನ ಚೀಲ ಮಡಚಿ ಮುಗಿಸಿದಳು.

"ನಾನೇ," ಎಂದಳು.

"ನೀನೇ?"

"ಹೂಂ. ಆ ಹುಡುಗನೇ ತೋರ್ಸಿಕೊಟ್ನಲ್ಲ, ಇದೊಂದು ಹೋದ್ರೆ ಗಾಡಿ ಅಲ್ಲಾಡಲ್ಲ ಅಂತ."

ನನ್ನ ನಾಲಿಗೆಗೆ ಲಗಾಮು ಇಲ್ಲ. "ನಿಂಗೆ ತಲೆ ಕೆಟ್ಟಿದೆಯಾ? ನಾನು ದಿನಾ ಕೆಲ್ಸಕ್ಕೆ ಎದ್ದುಬಿದ್ದು ಓಡ್ತೀನಿ, ಮಗು ಶಾಲೆ ತಪ್ಪಿಸ್ಕೊಳ್ತಿದೆ, ನೀನು ಕತ್ರಿ ಹಿಡ್ಕೊಂಡು ಆಟ ಆಡ್ತಿದೀಯಾ? ನಾನು ಬೋನು ಇಟ್ಟು ಕಾದಿದ್ದೇನು, ಮೆಣಸಿನ ಪುಡಿಗೆ ಸೀನಿ ಸೀನಿ ಸತ್ತಿದ್ದೇನು, ನೀನು ಡಬ್ಬಿ ಬೇರೆ ತಂದ್ಕೊಟ್ಟೆ! ನಾವಿಲ್ಲಿ ಇರೋದು ನಿಂಗೆ ಭಾರವಾಗಿದ್ರೆ ಬಾಯಿಬಿಟ್ಟು ಹೇಳು."

"ಮೆತ್ತಗೆ ಮಾತಾಡು," ಎಂದಳು ಅಮ್ಮ. ಕಿಟಕಿಯಾಚೆ ಇಂಜಿನ್ನಿನ ಸದ್ದು ನಿಂತಿತ್ತು. "ಯಾಕೆ ಅಂತ ಮಾತ್ರ ಕೇಳ್ಬೇಡ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ?"

ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಮಡಚಿದ ಬಟ್ಟೆಯನ್ನೇ ಬಿಡಿಸಿ ಇನ್ನೊಮ್ಮೆ ಮಡಚುತ್ತಾ, "ಇವತ್ತು ಊಟಕ್ಕೆ ನಿಮ್ಮಪ್ಪನ ಬಲಗಡೆ ಕೂತ್ಕೋ," ಎಂದಳು. ಅಷ್ಟೇ.

ನಮ್ಮ ಮನೆಯಲ್ಲಿ ಊಟದ ಮೇಜು ಗೋಡೆಗೆ ಒತ್ತಿಕೊಂಡಿದೆ. ಯಾರು ಎಲ್ಲಿ ಎಂಬುದು ನಾನು ಹುಟ್ಟಿದಾಗಿನಿಂದ ಬದಲಾಗಿಲ್ಲ. ಆವತ್ತು ಅಮ್ಮನ ಕುರ್ಚಿಯಲ್ಲಿ ನಾನು ಕೂತೆ. ಅಪ್ಪ ಗಮನಿಸಲಿಲ್ಲ. ಹೊಸ ವೈರು ಹಳೆಯದಕ್ಕಿಂತ ದಪ್ಪ, ಇನ್ನು ಇಲಿಯ ಅಪ್ಪ ಬಂದರೂ ಕಡಿಯಲಾಗದು ಎಂದು ಚಿಲ್ಟುವಿಗೆ ವಿವರಿಸುತ್ತಿದ್ದರು. ಅವರು ನೀರಿನ ಲೋಟಕ್ಕೆ ಕೈ ಚಾಚಿದರು. ನಾನು ಲೋಟವನ್ನು ಮೆಲ್ಲಗೆ ನನ್ನತ್ತ, ಬಲಕ್ಕೆ ಎಳೆದುಕೊಂಡೆ. ಅವರ ಕೈ ಖಾಲಿ ಮೇಜಿನ ಮೇಲೆ ತಡವಿತು. ಮಾತು ನಿಲ್ಲಿಸದೆಯೇ ಕತ್ತನ್ನು ಚೂರು ತಿರುಗಿಸಿ, ಲೋಟ ಕಂಡ ಮೇಲೆ ಹಿಡಿದು ಕುಡಿದರು. ಎಷ್ಟೋ ದಿನಗಳಿಂದ ರೂಢಿಯಾದ ಕೆಲಸದಂತೆ, ಅಷ್ಟು ನಯವಾಗಿ.

ಇನ್ನೊಮ್ಮೆ ನೋಡಬೇಕು, ಸುಳ್ಳಾಗಿರಲಿ ಎಂದುಕೊಂಡು ಅವರ ಕಿವಿಯ ಪಕ್ಕದಲ್ಲಿ ಕೈ ಎತ್ತಿ ಬೀಸಿದೆ. ಅಪ್ಪ ವೈರಿನ ವಿಷಯ ಹೇಳುತ್ತಲೇ ಇದ್ದರು. ಕೈಯನ್ನು ಮುಂದಕ್ಕೆ ತಂದೆ, ಕೆನ್ನೆಯವರೆಗೆ ತಂದೆ. ಅವರ ಕಣ್ಣು ಅಲುಗಲಿಲ್ಲ.

"ಅಮ್ಮ, ತಾತಂಗೆ ಯಾಕೆ ಟಾಟಾ ಮಾಡ್ತಿದೀಯ?" ಎಂದಳು ಚಿಲ್ಟು.

ಅಪ್ಪ ಮಾತು ನಿಲ್ಲಿಸಿದರು. ನಿಧಾನವಾಗಿ ಇಡೀ ಕತ್ತನ್ನು ನನ್ನ ಕಡೆ ತಿರುಗಿಸಿದರು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಇಳಿಸಬೇಕೆಂದು ಹೊಳೆಯಲೇ ಇಲ್ಲ.

"ನೊಣ ಇತ್ತಾ?" ಎಂದರು.

"ಹೂಂ ಅಪ್ಪ, ನೊಣ," ಎಂದೆ.

ಅವರು ತಲೆ ತಗ್ಗಿಸಿ ಊಟ ಮುಂದುವರಿಸಿದರು. ಅಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ. ಕಾರಿನ ಬಲಗಡೆ ಕನ್ನಡಿ ಒಡೆದದ್ದು, "ಯಾವನೋ ತಾಗಿಸ್ಕೊಂಡು ಹೋದ" ಎಂದು ಅಪ್ಪ ಹೇಳಿದ್ದು, ಬಲಬಾಗಿಲಿನ ಉದ್ದಕ್ಕೂ ಬಿದ್ದ ಗೀಚು, ಎಲ್ಲವೂ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬಂದ ದಿನ ಅಮ್ಮ "ಬರೀ ಕನ್ನಡಕದ ನಂಬರು" ಎಂದಿದ್ದಳು. ನಾನು ಹೌದಾ ಎಂದು ಸುಮ್ಮನಾಗಿದ್ದೆ. ಇಷ್ಟು ದಿನ ಗ್ಯಾರೇಜಿನವನ ಬೆನ್ನು ಹತ್ತಿ ಬೇಗ ಸರಿ ಮಾಡು, ಬೇಗ ಸರಿ ಮಾಡು ಎಂದು ಪ್ರಾಣ ತಿಂದವಳು ನಾನು. ಮಗಳನ್ನು ಆ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು, ತಾತನಿಗೆ ತೊಂದರೆ ಕೊಡಬೇಡ ಎಂದು ಕೆನ್ನೆ ಹಿಂಡಿ ಕಳಿಸಿದವಳೂ ನಾನೇ.

ಇನ್ನು ಓಡಿಸಬೇಡಿ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಇಡೀ ಬೀದಿಗೆ ಬುದ್ಧಿ ಹೇಳುವ ನನ್ನ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಅವರ ಕೋಣೆಯ ಬಾಗಿಲವರೆಗೆ ಹೋದೆ, ವಾಪಸು ಬಂದೆ. ಮತ್ತೆ ಹೋದೆ. ಅಪ್ಪ ನಾಳೆಯ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ಕಾಲರನ್ನು ಬೆರಳಿನಿಂದ ತಡವಿ ನೋಡಿ, ಸುಕ್ಕು ಸಿಕ್ಕಲ್ಲಿ ಮತ್ತೆ ಉಜ್ಜುತ್ತಿದ್ದರು. ನಾನು, "ನಾಳೆ ನಾನೂ ನಿಮ್ಮ ಜೊತೆ ಬರ್ತೀನಿ ಅಪ್ಪ," ಎಂದಷ್ಟೇ ಹೇಳಿದೆ. "ಬಾ," ಎಂದರು, ನನ್ನ ಕಡೆ ನೋಡದೆ. ದಾರಿಯುದ್ದಕ್ಕೂ ಅವರ ಬಲಗಣ್ಣಾಗಿ ಕೂರುವುದು, ಶಾಲೆ ಮುಟ್ಟಿದ ಮೇಲೆ ಹೇಗಾದರೂ ಹೇಳುವುದು ಎಂದು ಲೆಕ್ಕ ಹಾಕಿದೆ. ಅದೂ ಹೇಡಿತನವೇ ಎಂದು ಗೊತ್ತಿತ್ತು.

ಬೆಳಿಗ್ಗೆ ನಾನು ಹೊರಗೆ ಬರುವಾಗಲೇ ಅಪ್ಪ ಸ್ಟೀರಿಂಗಿನ ಮುಂದೆ ಕೂತಿದ್ದರು. ಚಿಲ್ಟು ಹಿಂದೆ. ಅಮ್ಮ ಬಾಗಿಲಲ್ಲಿ. ನಾನು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡೆ. ಅಪ್ಪ ಕೀಲಿ ತಿರುಗಿಸಿದರು.

ದೀಪಗಳು ಹತ್ತಿದವು. ಇಂಜಿನ್ನು ತೆಪ್ಪಗಿತ್ತು.

ನಾನು ಅಮ್ಮನ ಕಡೆ ನೋಡಿದೆ. ಅವಳು ಗಾಬರಿಯಿಂದ ತಲೆಯಾಡಿಸಿದಳು, ನಾನಲ್ಲ, ನಾನಲ್ಲ ಎಂದು. ಅವಳ ಮುಖ ನನಗೆ ಗೊತ್ತು, ಸುಳ್ಳಲ್ಲ. ಅಪ್ಪ ಹಿಡಿಕೆ ಎಳೆದರು, ನಾನು ಇಳಿದು ಹೋಗಿ ಬಾನೆಟ್ ಎತ್ತಿದೆ.

ಅದೇ ವೈರು. ಇಕ್ಕಳದಿಂದ ಒಂದೇ ಹಿಡಿತಕ್ಕೆ, ನೇರವಾಗಿ ತುಂಡರಿಸಿದ್ದರು. ಎರಡೂ ತುದಿಗಳಿಗೆ ಕಪ್ಪು ಟೇಪು ಸುತ್ತಿತ್ತು. ಬರಿ ತಾಮ್ರ ಎಲ್ಲಿಯೂ ತಾಗಿ ಕಿಡಿ ಹಾರಬಾರದು, ಯಾರಿಗೂ ಅಪಾಯ ಆಗಬಾರದು ಎಂದು ಬಿಗಿಯಾಗಿ, ಒಂದರ ಮೇಲೊಂದು ಸುತ್ತು ಸಮವಾಗಿ. ಅಮ್ಮನಿಗೆ ಇದು ಬಾರದು. ನನಗೂ ಬಾರದು. ಜೀವಮಾನವೆಲ್ಲ ಗಾಡಿಯ ಜೊತೆ ಬಾಳಿದವರ ಕೈಗೆ ಮಾತ್ರ ಬರುವ ಕೆಲಸ ಅದು.

ಎತ್ತಿದ ಬಾನೆಟ್ಟಿನ ಮರೆಯಲ್ಲಿ ನಿಂತು ಅತ್ತೆ. ಸದ್ದು ಬರದ ಹಾಗೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡೆ.

"ಇಲೀನೇನಮ್ಮ?" ಆ ಕಡೆಯಿಂದ ಅಪ್ಪನ ದನಿ.

"ಹೌದಪ್ಪ," ಎಂದೆ. "ಇಲೀನೇ."

"ಈ ಸಲ ಆ ಹುಡುಗನ್ನ ಕರೀಬೇಡ. ಎಷ್ಟು ಸಲ ಅಂತ ಸರಿ ಮಾಡ್ಸೋದು." ಬಾಗಿಲು ತೆಗೆದ ಸದ್ದಾಯಿತು. ಅವರು ಇಳಿದು, ಅಂಗಿಯ ಅಂಚನ್ನು ಎಳೆದು ಸರಿ ಮಾಡಿಕೊಂಡು, ಹಿಂದಿನ ಬಾಗಿಲು ತೆಗೆದರು. "ಇಳಿ ಪುಟ್ಟಾ. ಇವತ್ತು ಬಸ್ಸಲ್ಲಿ ಹೋಗೋಣ."

"ನಿಮ್ಮ ಕಾಲು ಬ್ರೇಕ್ ಹುಡುಕಲ್ವಾ ತಾತ?"

"ಹುಡುಕ್ಲಿ ಬಿಡು, ಅದಕ್ಕೂ ಬೇರೆ ಏನು ಕೆಲ್ಸ."

ನಾನು ಗೇಟಿನವರೆಗೆ ಹೋದೆ. ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ಬಸ್ ಸ್ಟಾಪು ರಸ್ತೆಯ ಆಚೆ ಬದಿಗೆ. ಲಾರಿಗಳು, ಸ್ಕೂಟರುಗಳು, ಒಂದರ ಹಿಂದೊಂದು. ಅಪ್ಪ ಅಂಚಿನಲ್ಲಿ ನಿಂತರು. ಎಡಕ್ಕೆ ನೋಡಿದರು. ಬಲಕ್ಕೆ ಕತ್ತು ತಿರುಗಿಸಲು ಹೋಗಿ, ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಬಗ್ಗಿ ಚಿಲ್ಟುವಿಗೆ ತಮ್ಮ ಬಲಗೈ ಕೊಟ್ಟರು.

"ಆ ಕಡೆಯಿಂದ ಗಾಡಿ ಬರ್ತಿದೆಯಾ ನೋಡಿ ಹೇಳು ಮಗು," ಎಂದರು. ನಮ್ಮಿಬ್ಬರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು. "ನಂಗೆ ಆ ಕಡೆ ಕಾಣ್ಸಲ್ಲ."