ಬುಧವಾರದ ಆಮೆ

೧

ಆಮೆಯಿಂದ ಶುರು ಮಾಡಲೋ, ಡಾಕ್ಟರಿಂದ ಶುರು ಮಾಡಲೋ? ಆಮೆಯಿಂದ ಶುರು ಮಾಡಿದರೆ ನೀವು ಇದು ಮಕ್ಕಳ ಕಥೆ ಎಂದುಕೊಂಡು ಪುಟ ಮಗುಚುತ್ತೀರಿ. ಅದಕ್ಕಿಂತ ದೊಡ್ಡ ತೊಡಕು ಎಂದರೆ ಆ ಆಮೆ ಇಲ್ಲವೇ ಇಲ್ಲ. ಡಾಕ್ಟರು ಇದ್ದಾರೆ, ಆದರೆ ಅವರಿಗೆ ಪುರುಸೊತ್ತಿಲ್ಲ. ಅವರ ಹತ್ತಿರ ಮಾತಾಡಬೇಕಾದರೆ ಕಥೆಗಾರನೇ ಆಗಲಿ, ಲಿಂಕ್ ಒತ್ತಿ ಸ್ಲಾಟ್ ಹಿಡಿಯಬೇಕು. ನಾನೂ ಹಿಡಿದೆ. ‘ಪ್ರಾಣಿ ಯಾವುದು’ ಎಂಬ ಜಾಗವನ್ನು ಖಾಲಿ ಬಿಡಲು ಆ ವೆಬ್‌ಸೈಟ್ ಸುತರಾಂ ಒಪ್ಪಲಿಲ್ಲ. ‘ಇತರೆ’ ಎಂದು ಹಾಕಿದೆ. (ತೂಕವನ್ನೂ ಕೇಳಿತು. ಸ್ವಲ್ಪ ಕಡಿಮೆಯೇ ಹೇಳಿದೆ.)

೨

ಅವರು ಪ್ರಾಣಿಗಳ ಡಾಕ್ಟರು. ನಾಯಿ, ಬೆಕ್ಕು, ಮೊಲ, ಗಿಳಿ, ಒಮ್ಮೊಮ್ಮೆ ಯಾರದೋ ಸರ್ಕಸ್ಸಿನಂಥ ಮನೆಯಿಂದ ಬಂದ ಹಲ್ಲಿ. ಕೈ ಚುರುಕು, ಮಾತು ಚುಟುಕು. ಅವರ ಕ್ಯಾಲೆಂಡರನ್ನು ನೀವು ಒಮ್ಮೆ ನೋಡಬೇಕು. ಆಪರೇಷನ್ನಿಗೆ ಹಸಿರು, ತಪಾಸಣೆಗೆ ಹಳದಿ, ವಿಡಿಯೊ ಕರೆಗೆ ನೀಲಿ. ಇಮೇಲುಗಳು ತಾವಾಗಿಯೇ ಡಬ್ಬಿ ಡಬ್ಬಿಗಳಲ್ಲಿ ಹೋಗಿ ಕೂರುತ್ತವೆ. ಲಸಿಕೆಯ ದಿನ ಬಂದರೆ ಸಾಕು, ನಾಯಿಯ ಯಜಮಾನರ ಫೋನು ತಾನೇ ಗುಂಯ್‌ಗುಡುತ್ತದೆ. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಗಂಡನ ಜೊತೆಗೂ ಒಂದು ಕ್ಯಾಲೆಂಡರ್ ಹಂಚಿಕೊಂಡಿದ್ದಾರೆ. ಬೆಳಿಗ್ಗೆ ಜಗಳ ಹತ್ತಿಕೊಂಡರೆ ಅದನ್ನು ಶನಿವಾರಕ್ಕೆ ತಳ್ಳುತ್ತಾರೆ. ಶನಿವಾರ ಬಂದಾಗ ಇಬ್ಬರೂ ಎದುರುಬದುರು ಕೂತು, ಯಾತಕ್ಕೆ ಕೂತಿದ್ದೇವೆ ಎಂದು ನೆನಪಾಗದೆ ಒದ್ದಾಡುತ್ತಾರೆ. ಗಂಡ ಮಾತ್ರ ಇದನ್ನು ಇನ್ನೂ ಪೂರ್ತಿ ಒಪ್ಪಿಲ್ಲ.

ಡಾಕ್ಟರಿಗೆ ಈ ಕ್ಯಾಲೆಂಡರಿನ ಬಗ್ಗೆ ಹೆಮ್ಮೆ. ಮುಚ್ಚುಮರೆ ಇಲ್ಲದ ಹೆಮ್ಮೆ. ಅದನ್ನು ನಾನು ಸ್ವಲ್ಪ ಅಹಂಕಾರದ ಹಾಗೆ ಬರೆಯಬೇಕೆಂದಿದ್ದೆ, ಕೊನೆಗೆ ಅವರನ್ನು ಬೀಳಿಸಲು ಅನುಕೂಲವಾಗಲಿ ಎಂದು. ಕಥೆಗಾರರು ಹೀಗೆಯೇ, ಯಾರಾದರೂ ನೆಟ್ಟಗೆ ನಿಂತಿದ್ದರೆ ಅಡ್ಡಗಾಲು ಹಾಕದೆ ಇರಲಾರರು.

೩

ಈಗ ಆಮೆ.

ಆಸ್ಪತ್ರೆಯ ಬುಕಿಂಗ್ ಸಾಫ್ಟ್‌ವೇರಿಗೆ ಖಾಲಿ ಹೊತ್ತು ಕಂಡರೆ ಆಗದು. ಡಾಕ್ಟರು ಒಮ್ಮೆ ಬುಧವಾರ ಮಧ್ಯಾಹ್ನದ ಒಂದು ಗಂಟೆಯನ್ನು ‘ಯಾರೂ ಬೇಡ’ ಎಂದು ಮುಚ್ಚಿಟ್ಟರು. ಸಾಫ್ಟ್‌ವೇರು ಅದನ್ನು ಕೆಂಪಗೆ ಮಾಡಿ, ‘ಬಳಕೆಯಾಗದ ಸಮಯ’ ಎಂದು ಹೆಸರಿಟ್ಟು, ಎರಡು ಬೆಕ್ಕು ಮತ್ತು ಒಂದು ಕೆಮ್ಮುವ ನಾಯಿಯನ್ನು ತಂದು ತುರುಕಿತು. ಮರುವಾರ ಡಾಕ್ಟರು ಅಲ್ಲಿ ಒಂದು ಆಮೆಯನ್ನು ಬರೆದರು. ಹೆಸರು: ದೊರೆ. ಆಮೆಗೆ ಒಂದು ಗಂಟೆ ಹಿಡಿಯಿತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಸಾಫ್ಟ್‌ವೇರು ಸುಮ್ಮನಾಯಿತು. ಆದರೆ ಪ್ರತಿ ಸಲ ತೂಕ ಕೇಳುತ್ತಿತ್ತು. ಹೋದ ವಾರದ್ದೇ ಹಾಕಿದರೆ ‘ಮತ್ತೊಮ್ಮೆ ತೂಗಿ’ ಎನ್ನುತ್ತಿತ್ತು. ಡಾಕ್ಟರು ಗುಂಜಿಯಷ್ಟು ಕೂಡಿಸಿದರು. ಮುಂದಿನ ವಾರ ಮತ್ತೆ ಗುಂಜಿಯಷ್ಟು. ಕಳೆಯಬಹುದಿತ್ತಲ್ಲ? ಕಳೆಯಲಿಲ್ಲ. ತಮ್ಮ ಆರೈಕೆಯಲ್ಲಿರುವ ಪ್ರಾಣಿ, ಅದು ಇಲ್ಲದಿದ್ದರೂ ಸರಿ, ಸೊರಗುವುದು ಅವರ ಕೈಯಿಂದ ಆಗದ ಕೆಲಸ. ಹೀಗೆ ವರ್ಷಗಟ್ಟಲೆ ದೊರೆ ಮೈತುಂಬಿಕೊಂಡು ಬೆಳೆಯಿತು. ಅದರ ಬೆಳವಣಿಗೆಯ ಗೆರೆಯನ್ನು ನೋಡಿದರೆ ಯಾವ ಪಠ್ಯಪುಸ್ತಕವೂ ಹೊಟ್ಟೆಕಿಚ್ಚುಪಡಬೇಕು.

ಗುಟ್ಟು ಗೊತ್ತಿದ್ದದ್ದು ಬಾಗಿಲ ಬಳಿಯ ಮೇಜಿನಲ್ಲಿ ಬುಕಿಂಗ್ ನೋಡಿಕೊಳ್ಳುವ ಹೆಂಗಸಿಗೆ ಮಾತ್ರ. ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಾರೆ. ‘ತೊಂದರೆ ಏನು’ ಎಂಬ ಜಾಗವನ್ನು ಅಕ್ಕ ತುಂಬುತ್ತಿದ್ದಳು. ಪ್ರತಿ ವಾರ ಒಂದೇ ಮಾತು: ಊಟ ಸೇರುತ್ತಿಲ್ಲ.

೪ (ಮೂರು ಕರಡು, ಮೂರೂ ಅಳಿಸಿದ್ದು)

ಆ ಗಂಟೆಯಲ್ಲಿ ಡಾಕ್ಟರು ಏನು ಮಾಡುತ್ತಿದ್ದರು?

ನಾನು ಮೊದಲು ಒಬ್ಬ ಹಳೆಯ ಗೆಳೆಯನನ್ನು ತಂದೆ. ಹಿಂದಿನ ಬೀದಿಯ ಕಾಫಿ ಅಂಗಡಿ, ಕಿಟಕಿ ಪಕ್ಕದ ಮೇಜು. ಡಾಕ್ಟರು ಓದಿ ನೋಡಿ ನಕ್ಕುಬಿಟ್ಟರು.

“ಏನ್ರೀ ಇದು? ನಮ್ಮನೆಯವರ ಜೊತೆ ಜಗಳ ಆಡೋಕೇ ಟೈಮಿಲ್ಲ ನಂಗೆ. ಇನ್ನೊಬ್ಬರನ್ನ ಎಲ್ಲಿ ಕೂರಿಸ್ಲಿ?”

ಅಳಿಸಿದೆ. ಎರಡನೆಯ ಕರಡಿನಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಬರೆದೆ, ಗಂಜಿ ಕುಡಿಸುವ ಮಗಳನ್ನು ಬರೆದೆ. ಬರೆದು ನಾನೇ ಎರಡು ಸಲ ಓದಿಕೊಂಡೆ.

“ನಮ್ಮಮ್ಮ ಗಟ್ಟಿಮುಟ್ಟಾಗಿದಾರೆ. ಈಜೋಕೆ ಹೋಗ್ತಾರೆ. ಇದನ್ನೇನಾದ್ರೂ ಓದಿದ್ರೆ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ ಅಷ್ಟೇ.”

ಅಳಿಸಿದೆ. ಮೂರನೆಯದು ನನಗೆ ಬಲು ಇಷ್ಟವಾಗಿತ್ತು. ಡಾಕ್ಟರ ಬಲಗೈ ನಡುಗತೊಡಗಿದೆ. ಯಾರಿಗೂ ತಿಳಿಯದ ಹಾಗೆ ಎಡಗೈಗೆ ಹೊಲಿಗೆ ಕಲಿಸುತ್ತಿದ್ದಾರೆ. ಎಂಥ ಛಲ! ಡಾಕ್ಟರು ಬಲಗೈ ಚಾಚಿ ನನ್ನ ಮೂಗಿನ ನೇರಕ್ಕೆ ಹಿಡಿದರು. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

“ಹಾಗಾದ್ರೆ ನೀವೇ ಹೇಳಿ,” ಎಂದೆ. “ಏನ್ ಮಾಡ್ತೀರಿ?”

“ಏನೂ ಮಾಡಲ್ಲ.”

“ಧ್ಯಾನ?”

“ಅಯ್ಯೋ, ಅದಕ್ಕೂ ಆ್ಯಪ್ ಇದೆ. ನಿನ್ನೆ ಯಾಕೆ ಬರ್ಲಿಲ್ಲ ಅಂತ ಕೇಳುತ್ತೆ. ಎಕ್ಸ್‌ರೇ ರೂಮಲ್ಲಿ ಕೂತಿರ್ತೀನಿ. ಗೋಡೆಯಲ್ಲಿ ಸೀಸ ಇದೆಯಲ್ಲ, ಅಲ್ಲಿಗೆ ಸಿಗ್ನಲ್ ಬರಲ್ಲ. ಸ್ಟೂಲ್ ಇದೆ. ಬುಧವಾರ ಮಧ್ಯಾಹ್ನ ಎಕ್ಸ್‌ರೇ ಇಡ್ಕೊಳ್ಳಲ್ಲ ನಾವು. ಲೈಟ್ ಆರಿಸಿ ಕೂರ್ತೀನಿ.”

ನನಗೆ ಆಸೆ ಚಿಗುರಿತು. “ಓ, ಅದರಿಂದ ಆಮೇಲಿನ ಆಪರೇಷನ್ ಚೆನ್ನಾಗಿ ಆಗುತ್ತೆ, ಅಲ್ವಾ?”

“ಹಾಗೆ ಬರೀಬೇಡಿ. ಕೆಲಸಕ್ಕೆ ಒಳ್ಳೇದು ಅಂತ ಕೂತ್ರೆ ಅದೂ ಕೆಲಸವೇ ಆಯ್ತಲ್ಲ?”

“ಜನ ಸೋಮಾರಿ ಅಂತಾರೆ ಡಾಕ್ಟ್ರೇ.”

“ಅನ್ಲಿ. ಇಡೀ ಕ್ಯಾಲೆಂಡರಲ್ಲಿ ನಾನು ನನಗೋಸ್ಕರ ಕಟ್ಟಿದ್ದು ಅಂದ್ರೆ ಅದೊಂದೇ. ಮಿಕ್ಕಿದ್ದೆಲ್ಲ ಬೇರೆಯವರು ತುಂಬಿದ್ದು. ನಂಗೆ ಅದರ ಮೇಲೆ ಎಷ್ಟು ಹೆಮ್ಮೆ ಗೊತ್ತಾ ನಿಮಗೆ?”

(ಗೊತ್ತಿರಲಿಲ್ಲ. ನಾನು ಈ ಕಥೆಯನ್ನು ಬರೆಯುತ್ತಿರುವುದು ಟೈಮರ್ ಇಟ್ಟುಕೊಂಡು. ಟೊಮೇಟೊ ಆಕಾರದ ಟೈಮರ್. ಅದು ಕೂಗಿದರೆ ಎದ್ದು ನೀರು ಕುಡಿಯುತ್ತೇನೆ, ಬಾಯಾರಿದ್ದರೂ ಇಲ್ಲದಿದ್ದರೂ.)

೫

ಆಸ್ಪತ್ರೆ ದೊಡ್ಡ ಡಾಕ್ಟರದು. ಒಂದೇ ಕೋಣೆಯಲ್ಲಿ ಶುರು ಮಾಡಿ, ಹಗಲಿರುಳು ದುಡಿದು ಇಷ್ಟು ಎತ್ತರಕ್ಕೆ ತಂದ ಮನುಷ್ಯ. ಈಗ ಆಡಳಿತವನ್ನು ಒಬ್ಬರ ಕೈಗೆ ಒಪ್ಪಿಸಿ ಹಿಂದೆ ಸರಿಯಬೇಕೆಂದಿದ್ದರು. ಯಾರ ಕೈಗೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಡಾಕ್ಟರಿಗೂ ಇರಲಿಲ್ಲ. ಆ ಜಾಗ ಅವರಿಗೆ ಬೇಕಿತ್ತು. ಬೇಕು ಎಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಹೊಸ ವೆಬ್ ಸಾಧನವೊಂದನ್ನು ತರಿಸಿದರು. ಅದು ಎಲ್ಲರ ಕ್ಯಾಲೆಂಡರುಗಳನ್ನು ಜಾಲಾಡಿ, ಯಾರದು ತುಂಬಿದೆ, ಯಾರದು ಸೋರುತ್ತಿದೆ ಎಂದು ಹೇಳುತ್ತದೆ. ನಮ್ಮ ಡಾಕ್ಟರದು ಎಳ್ಳಷ್ಟೂ ಸೋರುತ್ತಿರಲಿಲ್ಲ. ದೊಡ್ಡ ಡಾಕ್ಟರು ಉಬ್ಬಿಹೋದರು. ಈ ಕ್ಯಾಲೆಂಡರನ್ನೇ ಅಚ್ಚು ಮಾಡಿಕೊಂಡು, ಸೋಮವಾರದಿಂದ ಉಳಿದ ಡಾಕ್ಟರುಗಳಿಗೆಲ್ಲ ಒಂದೇ ಕ್ಲಿಕ್ಕಿನಲ್ಲಿ ಇಳಿಸಿಬಿಡುವುದು ಎಂದು ತೀರ್ಮಾನಿಸಿದರು. ಸಂದು ಇಲ್ಲದ ದಿನ, ಸಂದು ಇಲ್ಲದ ವಾರ. ಆ ಡಾಕ್ಟರುಗಳಲ್ಲಿ ಕೆಲವರು ಈಗಾಗಲೇ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಬೆಕ್ಕು ಹಿಡಿದು ಓಡಾಡುತ್ತಿದ್ದವರು.

ಜೊತೆಗೆ ಆ ಸಾಧನ ಒಂದು ವಿಚಿತ್ರವನ್ನೂ ಹೆಕ್ಕಿ ಕೊಟ್ಟಿತು: ‘ಅಪರೂಪದ ರೋಗಿ. ಆಹಾರ ಸೇವನೆ ಇಲ್ಲ. ತೂಕ ಸತತ ಏರಿಕೆ.’

“ಈ ಆಮೇನ ನಾನು ನೋಡ್ಬೇಕಲ್ಲ,” ಎಂದರು ದೊಡ್ಡ ಡಾಕ್ಟರು. “ನಾಳೆ ಮೀಟಿಂಗಲ್ಲಿ ಎಲ್ಲರಿಗೂ ಹೇಳಿ. ಇದು ಪೇಪರಲ್ಲಿ ಬರೋ ಅಂಥ ಕೇಸು.”

ಡಾಕ್ಟರು ಅಕ್ಕನ ಮೇಜಿನ ಬಳಿ ಬಂದು ನಿಂತರು.

“ನಾನು ಊಟ ಸೇರಲ್ಲ ಅಂತ ಬರೀತಿದ್ದೆ,” ಎಂದಳು ಅಕ್ಕ. “ನೀವು ಈ ಥರ ದಪ್ಪ ಮಾಡ್ತಿದೀರ ಅಂತ ನಂಗೇನ್ ಗೊತ್ತು?”

“ನಾನು ತೂಕ ಹಾಕ್ತಿದ್ದೆ. ನೀನು ಉಪವಾಸ ಕೆಡವಿದೀಯ ಅಂತ ನಂಗೇನ್ ಗೊತ್ತು?”

ಇಬ್ಬರೂ ಒಂದು ಗಳಿಗೆ ದುರುಗುಟ್ಟಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಸಾಯಿಸಿಬಿಡಿ ಡಾಕ್ಟ್ರೇ,” ಎಂದಳು ಅಕ್ಕ ಕಣ್ಣೊರೆಸಿಕೊಂಡು. “ರಾತ್ರಿ ಹೋಗ್ಬಿಡ್ತು ಅಂದ್ರಾಯ್ತು. ಯಾರ್ ಬಂದು ಕೇಳ್ತಾರೆ? ಗಂಟೆ ಹೋದ್ರೆ ಹೋಗ್ಲಿ, ಕುರ್ಚಿ ಸಿಗುತ್ತಲ್ಲ.”

ನಾನೂ ಅಕ್ಕನ ಕಡೆಗೇ. ಆಮೆಯ ಸಾವು ಎಂದರೆ ಕಥೆಗೆ ಎಂಥ ಚೆಂದದ ಕೊನೆ! ಎರಡು ಸಾಲು ಬರೆದೂಬಿಟ್ಟೆ. ಡಾಕ್ಟರು ನನ್ನ ಕಡೆ ತಿರುಗಿ, “ನನ್ನ ಕೈಯಲ್ಲಿ ಚೆನ್ನಾಗಿರೋ ಪ್ರಾಣಿ ಯಾವತ್ತೂ ಸತ್ತಿಲ್ಲ. ಇದೂ ಸಾಯಲ್ಲ,” ಎಂದರು.

ಆದರೂ ಲೆಕ್ಕ ಸುಲಭವಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಬಯಸಿದ ಜಾಗ ಸಿಗುತ್ತದೆ. ಆದರೆ ತಾವು ಕೂತು ಉಸಿರಾಡಿದ ಗಂಟೆಯನ್ನು ತುಂಬಿದ ಗಂಟೆ ಎಂದೇ ಎಣಿಸಿ, ಆ ಅಚ್ಚಿನಲ್ಲಿ ದೊಡ್ಡ ಡಾಕ್ಟರು ಉಳಿದವರನ್ನು ಒತ್ತುತ್ತಾರೆ. ಅವರಿಗೆ ಆಮೆ ಇರುವುದಿಲ್ಲ. ಬಾಯಿ ಬಿಟ್ಟರೆ ವರ್ಷಗಳ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗಬಹುದು.

೬

ಮೀಟಿಂಗು. ಈ ಆಸ್ಪತ್ರೆಯಲ್ಲಿ ಮೀಟಿಂಗು ನಿಂತೇ ನಡೆಯುತ್ತದೆ. ಕೂತರೆ ಮಾತು ಬೆಳೆಯುತ್ತದೆ ಎಂದು ದೊಡ್ಡ ಡಾಕ್ಟರ ನಂಬಿಕೆ. ಕುರ್ಚಿಗಳೆಲ್ಲ ಗೋಡೆಗೆ ಒರಗಿದ್ದವು. ಪರದೆಯ ಮೇಲೆ ನಮ್ಮ ಡಾಕ್ಟರ ವಾರ ಹರಡಿಕೊಂಡಿತ್ತು, ಹಸಿರು, ಹಳದಿ, ನೀಲಿ. ಚೆಂದ ಕಾಣುತ್ತಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ.

“ನೋಡ್ಕೊಳ್ಳಿ,” ಎಂದರು ದೊಡ್ಡ ಡಾಕ್ಟರು. ಸ್ವಂತ ಮಗಳ ಫಲಿತಾಂಶ ಓದುವವರ ದನಿ ಅದು. “ಒಂದು ನಿಮಿಷ ದಂಡ ಇಲ್ಲ. ಹೀಗಿರ್ಬೇಕು.” ಬಾಣದ ಗುರುತು ಬುಧವಾರಕ್ಕೆ ಬಂದು ನಿಂತಿತು. “ಇನ್ನು ಈ ಆಮೆ ವಿಷಯ. ಏನಿದರ ಗುಟ್ಟು?”

ಡಾಕ್ಟರು ತಲೆ ತಗ್ಗಿಸಿದರು ಎಂದು ಬರೆದೆ.

“ಅಳಿಸಿ,” ಎಂದರು.

ಗಂಟಲು ಒಣಗಿತು ಎಂದು ಬರೆದೆ.

“ಅದು ನಿಜ. ಇರ್ಲಿ.”

ಆಮೇಲೆ ಅವರು ಎಲ್ಲರ ಎದುರು, ಔಷಧಿಯ ಅಳತೆ ಹೇಳುವ ದನಿಯಲ್ಲಿ ಹೇಳಿದರು: “ಆಮೆ ಇಲ್ಲ ಸಾರ್. ನಾನೇ ಬರೆದಿದ್ದು. ಆ ಒಂದು ಗಂಟೆ ನಾನು ಸುಮ್ನೆ ಕೂತಿರ್ತೀನಿ. ಖಾಲಿ ಬಿಟ್ರೆ ಬೇರೆಯವರು ತುಂಬ್ತಾರೆ ಅಂತ ಆಮೆ ಇಟ್ಟೆ. ನನ್ನ ಕ್ಯಾಲೆಂಡರ್ ನಿಂತಿರೋದು ಆ ಗಂಟೆ ಮೇಲೆ. ಅದನ್ನ ಬಿಟ್ಟು ಉಳಿದಿದ್ದನ್ನ ಮಾತ್ರ ಇವರಿಗೆ ಕೊಟ್ರೆ ಅದು ನನ್ನ ಕ್ಯಾಲೆಂಡರ್ ಅಲ್ಲ. ಕೊಡೋದಾದ್ರೆ ಪೂರ್ತಿ ಕೊಡಿ. ಆಮೆ ಸಮೇತ.”

ಬ್ರೆಡ್ಡು ಹಿಡಿದಿದ್ದ ಹುಡುಗಿ ಡಾಕ್ಟರೊಬ್ಬಳು ಅಗಿಯುವುದನ್ನು ನಿಲ್ಲಿಸಿದಳು.

(ಇಲ್ಲಿ ನನ್ನ ಟೊಮೇಟೊ ಕೂಗಿತು. ಬಾಯಿ ಮುಚ್ಚಿಸಿದೆ. ನನ್ನ ಪಾತ್ರವೊಂದರ ಬಗ್ಗೆ ನನಗೆ ಇಷ್ಟು ಹೆಮ್ಮೆಯಾದದ್ದು ಇದೇ ಮೊದಲು. ಹಾಗೆಂದು ಅವರಿಗೆ ಹೇಳಲು ಹೋದೆ. ‘ಆಮೇಲೆ, ಆಮೇಲೆ’ ಎಂದರು.)

೭ (ಅಥವಾ ೭, ಅಥವಾ ೭)

ದೊಡ್ಡ ಡಾಕ್ಟರು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಬೀಗದ ಕೈಗೊಂಚಲನ್ನು ಅಲ್ಲೇ ಕೊಟ್ಟರು. ಇದು ಒಂದು ಕೊನೆ. ಓದಿದವರಿಗೆ ಖುಷಿ, ಆದರೆ ನನಗೇ ನಂಬಿಕೆಯಿಲ್ಲ.

ದೊಡ್ಡ ಡಾಕ್ಟರು ಕೆಂಡವಾದರು, ಆ ಜಾಗ ಬೇರೆಯವರ ಪಾಲಾಯಿತು, ಬುಧವಾರ ಮಧ್ಯಾಹ್ನ ಮೂರು ಬೆಕ್ಕುಗಳು ಬಂದವು. ಇದು ಇನ್ನೊಂದು. ಇದನ್ನು ಬರೆದು ಡಾಕ್ಟರಿಗೆ ತೋರಿಸಿದೆ.

“ಆದ್ರೂ ಆಗ್ಬಹುದು,” ಎಂದರು. “ಆದ್ರೆ ನಾನು ಸೋತೆ ಅನ್ನೋ ಥರ ಬರ್ದಿದೀರಲ್ಲ, ಅದನ್ನ ತೆಗೀರಿ.”

ತೆಗೆದೆ. ತೆಗೆದ ಮೇಲೆ ಆ ಕೊನೆಯಲ್ಲಿ ಏನೂ ಉಳಿಯಲಿಲ್ಲ.

ನಡೆದದ್ದು ಇಷ್ಟು. ದೊಡ್ಡ ಡಾಕ್ಟರು ಪರದೆಯನ್ನು ನೋಡಿದರು, ನಮ್ಮ ಡಾಕ್ಟರನ್ನು ನೋಡಿದರು. ಮೊದಲು ಗದರಿದ ಹಾಗೆ ಕೇಳಿದರು: “ಸುಮ್ನೆ ಕೂತು ಏನ್ ಮಾಡ್ತೀರಿ?” ಬಾಣದ ಗುರುತನ್ನು ಆಮೆಯ ಮೇಲೆ ಒಮ್ಮೆ ಆಡಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಈ ಸಲ ಗದರಿಕೆ ಇರಲಿಲ್ಲ. ಬದುಕಿಡೀ ದುಡಿದ ಮನುಷ್ಯ, ತನಗೆ ಬಾರದ ವಿದ್ಯೆಯೊಂದನ್ನು ಬಲ್ಲವರ ಹತ್ತಿರ ಕೇಳುವ ಹಾಗೆ ಕೇಳಿದರು.

“ಸುಮ್ನೆ ಕೂತು... ಏನ್ ಮಾಡ್ತೀರಿ?”

ಡಾಕ್ಟರು ಏನು ಹೇಳಬಹುದು ಎಂದು ನಾನು ಐದಾರು ಸಾಲು ಹೊಸೆದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವರು ಒಂದನ್ನೂ ಮುಟ್ಟಲಿಲ್ಲ. ಗೋಡೆಯ ಬಳಿ ಹೋಗಿ, ಒಂದು ಕುರ್ಚಿ ಎತ್ತಿ ತಂದು, ದೊಡ್ಡ ಡಾಕ್ಟರ ಹಿಂದೆ ಇಟ್ಟರು. ಇನ್ನೊಂದನ್ನು ತಂದು ತಾವು ಕೂತರು.

ದೊಡ್ಡ ಡಾಕ್ಟರು ಕೂತರೋ ಇಲ್ಲವೋ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು, ಬರೆಯುವುದನ್ನು ನಿಲ್ಲಿಸಿ ಎಂದು ಸನ್ನೆ ಮಾಡಿ—