ಸೇದುಬಾವಿ ಬೀದಿಗೆ ಬಂದ ಗುಂಡಿ ವ್ಯಾಪಾರಿ

ಒಂದು ದೊಡ್ಡ ಪಟ್ಟಣ. ಅದರ ನಟ್ಟನಡುವಿನ ಹಳೇ ಪೇಟೆಯಲ್ಲಿ ಸೇದುಬಾವಿ ಬೀದಿ ಎಂಬ ಚಿಕ್ಕ ಬೀದಿ ಇತ್ತು. ಎದುರುಬದುರಾಗಿ ಹನ್ನೊಂದು ಮನೆ. ಕೈಗಾಡಿಯೊಂದು ಒಳಗೆ ಬಂದರೆ ದಾರಿಹೋಕರು ಯಾರದಾದರೂ ಜಗಲಿ ಹತ್ತಿ ನಿಲ್ಲಬೇಕಿತ್ತು. ಹಾಗೆ ಹತ್ತಿದವರನ್ನು ಆ ಮನೆಯವರು ಕಾಫಿ ಕುಡಿಸದೆ ಕೆಳಗಿಳಿಸುತ್ತಿರಲಿಲ್ಲ. ಮಾರುಕಟ್ಟೆ, ಆಸ್ಪತ್ರೆ, ಕಚೇರಿಗಳೆಲ್ಲ ನಡೆದುಹೋಗುವಷ್ಟು ಹತ್ತಿರ. ಆದ್ದರಿಂದ ಆ ಜಾಗದ ಮೇಲೆ ಬಹಳ ಜನರ ಕಣ್ಣಿತ್ತು.

ಆದರೆ ಅಲ್ಲಿ ಮನೆ ಕೊಳ್ಳುವುದು ಸುಲಭವಾಗಿರಲಿಲ್ಲ. ಕೊಳ್ಳಬೇಕೆನ್ನುವವರು ಮೊದಲು ಒಂದು ವರ್ಷ ಅಲ್ಲಿ ಬಾಡಿಗೆಗೆ ಇರಬೇಕು. ವರ್ಷ ತುಂಬಿದ ಮೇಲೆ ಬೀದಿಯವರೆಲ್ಲ ಕೂತು ಒಪ್ಪಿದರೆ ಮಾತ್ರ ಕ್ರಯಪತ್ರ. ಈ ಕಟ್ಟುಪಾಡು ಯಾಕೆಂದು ಕೇಳಿದರೆ ಅವರು ನಕ್ಕು ಬೇರೆ ಮಾತು ತೆಗೆಯುತ್ತಿದ್ದರು.

ಅದೇ ಪಟ್ಟಣದ ಹೊರಭಾಗದ ದೊಡ್ಡ ಬಂಗಲೆಯಲ್ಲಿ ಕಾಂತರಾಜಪ್ಪನೆಂಬ ಬಿಲ್ಡರ್ ಇದ್ದ. ಹಳೇ ಮನೆಗಳನ್ನು ಕೊಂಡು, ಕೆಡವಿ, ಅಪಾರ್ಟ್‌ಮೆಂಟು ಎಬ್ಬಿಸುವುದು ಅವನ ಕಸುಬು. ಸೇದುಬಾವಿ ಬೀದಿಯ ಹನ್ನೊಂದು ಮನೆಗಳೂ ಸೇರಿದರೆ ಹದಿನಾಲ್ಕು ಅಂತಸ್ತು ಏಳುತ್ತದೆಂದು ಅವನು ಮನಸ್ಸಿನಲ್ಲೇ ನಕ್ಷೆ ಹಾಕಿಕೊಂಡಿದ್ದ. ಆ ಬೀದಿಯ ತುಂಗಮ್ಮನೆಂಬಾಕೆ ಅಕ್ಕಪಕ್ಕದ ತನ್ನ ಎರಡು ಮನೆಗಳಲ್ಲಿ ಒಂದನ್ನು ಮಾರುತ್ತಾಳೆ ಎಂಬ ಸುದ್ದಿ ಸಿಕ್ಕಿದೊಡನೆ ಹೆಂಡತಿ ಸರ್ವಮಂಗಳೆಯನ್ನು ಕರೆದ.

"ಒಂದೇ ವರ್ಷ, ಅಲ್ಲಿ ಹೋಗಿ ಇರೋಣ. ಮೊದಲು ಒಂದು ಮನೆ ಕೈಗೆ ಬರಲಿ. ಮಿಕ್ಕ ಹತ್ತನ್ನು ಹೇಗೆ ತಗೋಬೇಕು ಅಂತ ನನಗೆ ಗೊತ್ತು."

"ನೀವು ಯಾರು ಅಂತ ಕೇಳಿದ್ರೆ?"

"ಅಂಗಿ ಗುಂಡಿ ಮಾರೋನು ಅಂತೀನಿ. ಗುಂಡಿ ಮಾರೋನ ಮೇಲೆ ಯಾರಿಗೆ ಅನುಮಾನ ಬರುತ್ತೆ?"

ಗಂಡಹೆಂಡತಿ ಎರಡು ಟ್ರಂಕು, ಒಂದು ಚಾಪೆ ಹಿಡಿದು ತುಂಗಮ್ಮನ ಆ ಮನೆಗೆ ಬಾಡಿಗೆಗೆ ಬಂದಿಳಿದರು. ಮಾರನೆಯ ದಿನವೇ ಎದುರುಮನೆಯ ಖಾಸಿಂ ಸಾಬ ಮಾತಿಗೆ ಬಂದ. ಅವನು ಪಾತ್ರೆಗಳಿಗೆ ಕಲಾಯಿ ಹಾಕುವವನು.

"ಏನು ಮಾಡ್ಕೊಂಡಿದ್ದೀರಿ ಸ್ವಾಮಿ?"

"ಗುಂಡಿ ವ್ಯಾಪಾರ."

"ಅಂಗಡಿ?"

"ಇನ್ನೂ ಆಗಿಲ್ಲ."

"ಹೊಸ ಜಾಗ. ಗಿರಾಕಿ ಇಲ್ಲದೆ ಹೇಗೆ ನಡೀಬೇಕು?" ಎಂದು ಖಾಸಿಂ ಸಾಬ ಮರುಗಿದ. ಕೈಲಿದ್ದ ಪಾತ್ರೆ ಕೆಳಗಿಟ್ಟು ಹೊರಟವನು ಸಂಜೆಯ ಹೊತ್ತಿಗೆ ಆರು ಜನ ದರ್ಜಿಗಳನ್ನು ಕರೆತಂದು ಕಾಂತರಾಜಪ್ಪನ ಜಗಲಿಯ ಮೇಲೆ ಕೂರಿಸಿದ. ಕಾಂತರಾಜಪ್ಪನ ಹತ್ತಿರ ತೊಟ್ಟ ಅಂಗಿಯ ಗುಂಡಿಗಳ ಹೊರತು ಬೇರೆ ಗುಂಡಿ ಇರಲಿಲ್ಲ. "ಮಾಲು ನಾಳೆ ಬರುತ್ತೆ" ಎಂದು ಬೆವರು ಒರೆಸಿಕೊಂಡ. ಬೆಳಗಾದದ್ದೇ ಮಾರುಕಟ್ಟೆಯ ಆಚೆ ತುದಿಗೆ ಓಡಿ ಮೂರು ಪೆಟ್ಟಿಗೆ ಗುಂಡಿ ಕೊಂಡು ತಂದ. ಅಷ್ಟರಲ್ಲಿ ತುಂಗಮ್ಮ ತನ್ನ ಸೀರೆಗಳನ್ನೆಲ್ಲ ಕೆಳಗೆ ಸುರಿದು, ಬೀರುವನ್ನು ಅವನ ಮನೆಯ ಮುಂದಿನ ಕೋಣೆಗೆ ಸಾಗಿಸಿಬಿಟ್ಟಿದ್ದಳು.

"ಇದು ಬೇಡಮ್ಮಾ" ಎಂದ.

"ಸೀರೆ ಎಲ್ಲಿ ಬೇಕಾದ್ರೂ ಬಿದ್ದಿರುತ್ತೆ ಕಣಪ್ಪ. ಗುಂಡಿ ಹಾಗೆ ಬಿದ್ದಿದ್ರೆ ಸಿಗುತ್ತಾ?" ಎಂದಳು.

ಹೀಗೆ ಅವನ ಸುಳ್ಳನ್ನು ಬೀದಿಯವರೇ ಸೇರಿ ನಿಜ ಮಾಡಿದರು. ಮೊದಮೊದಲು ಅವನು ಮೈ ಪರಚಿಕೊಳ್ಳುತ್ತ ಅಂಗಡಿಯಲ್ಲಿ ಕೂತ. ಒಂದು ಮಧ್ಯಾಹ್ನ ಮುದುಕ ದರ್ಜಿಯೊಬ್ಬ ಎಲೆಹಸಿರು ರವಿಕೆ ತಂದು, ಅದಕ್ಕೊಪ್ಪುವ ಗುಂಡಿ ಬೇಕೆಂದ. ಇಬ್ಬರೂ ತಲೆಗೆ ತಲೆ ತಾಗಿಸಿ ನಲವತ್ತು ಬಗೆಯ ಗುಂಡಿ ಇಟ್ಟು ನೋಡಿದರು. ಕೊನೆಗೆ ಒಂದು ಒಪ್ಪಿತು. ಮುದುಕ ಅದನ್ನು ಬೆಳಕಿಗೆ ಹಿಡಿದು ಮಗುವಿನ ಹಾಗೆ ನಕ್ಕ. ಕಾಂತರಾಜಪ್ಪ ಅದುವರೆಗೆ ಹದಿನೇಳು ಕಟ್ಟಡ ಕಟ್ಟಿದ್ದ. ಬೀಗದ ಕೈ ಪಡೆದ ಯಾರೂ ಅವನೆದುರು ಹಾಗೆ ನಕ್ಕಿರಲಿಲ್ಲ.

ಸರ್ವಮಂಗಳೆಗಂತೂ ಬಂಗಲೆಯಲ್ಲಿದ್ದಾಗ ಪಕ್ಕದ ಮನೆಯವರ ಕಾರಿನ ಬಣ್ಣವಷ್ಟೇ ಗೊತ್ತಿತ್ತು. ಇಲ್ಲಿ ಅವಳ ತಂಗಿಯ ಮಗಳ ಮದುವೆಗೆ ನಲವತ್ತು ನೆಂಟರು ಬಂದಾಗ, ಯಾರು ಎಲ್ಲಿ ಮಲಗಬೇಕೆಂದು ಅವಳು ಯೋಚಿಸುವ ಮೊದಲೇ ಹತ್ತು ಮನೆಗಳಲ್ಲೂ ಹಾಸಿಗೆ ಬಿಚ್ಚಿ ಹಾಸಿದ್ದರು.

ತಿಂಗಳಿಗೊಮ್ಮೆ ಅವನ ಗುಮಾಸ್ತ ಮಾರುಕಟ್ಟೆಯ ಮೂಲೆಯಲ್ಲಿ ಕದ್ದು ಭೇಟಿಯಾಗಿ ನಕ್ಷೆ ಬಿಚ್ಚುತ್ತಿದ್ದ. ಖಾಸಿಂ ಸಾಬನ ಕುಲುಮೆಯ ತಿದಿ ಇದ್ದಲ್ಲಿ ಕಾರು ಇಳಿಯುವ ಇಳಿಜಾರು, ತುಂಗಮ್ಮನ ಅಡುಗೆಮನೆ ಇದ್ದಲ್ಲಿ ಜನರೇಟರು. ಮೊದಲ ತಿಂಗಳು ಕಾಂತರಾಜಪ್ಪ ನಕ್ಷೆಯನ್ನು ಕಣ್ಣಿಟ್ಟು ನೋಡಿದ. ಹತ್ತನೆಯ ತಿಂಗಳು ಬಿಚ್ಚಲು ಬಿಡದೆ, "ಮಡಚಿಡು, ಗಿರಾಕಿ ಕಾಯ್ತಿದ್ದಾರೆ" ಎಂದು ಎದ್ದುಬಂದ.

ವರ್ಷ ತುಂಬಿತು. ಬೀದಿ ಒಂದೇ ದನಿಯಲ್ಲಿ ಒಪ್ಪಿತು. ಕ್ರಯಪತ್ರವಾದ ದಿನ ಅವನು ಹೆಂಡತಿಯ ಮುಖ ನೋಡದೆ, "ಇಲ್ಲೇ ಇದ್ದುಬಿಡೋಣ ಅನ್ನಿಸುತ್ತೆ ಕಣೇ" ಎಂದ.

"ನೀವು ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ" ಎಂದಳು ಸರ್ವಮಂಗಳೆ. ಅಂದೇ ಅವನು ಗುಮಾಸ್ತನಿಗೆ ಹೇಳಿ ನಕ್ಷೆ ಹರಿದುಹಾಕಿಸಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಊಟ ರುಚಿಸಿತು.

ವಾರ ಕಳೆಯಿತು. ಒಂದು ಬೆಳಿಗ್ಗೆ ತುಂಗಮ್ಮ, ಖಾಸಿಂ ಸಾಬ, ಅವರ ಹಿಂದೆ ಇಡೀ ಬೀದಿ ಅವನ ಜಗಲಿಗೆ ಬಂದು ಕೂತಿತು.

"ಇಲ್ಲ ಅನ್ನಬಾರದು" ಎಂದು ತುಂಗಮ್ಮ ಶುರುಮಾಡಿದಳು. "ನನಗೆ ಮಂಡಿನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಸಾಬರ ಮನೆ ಗೋಡೆ ಬಿರುಕು ಬಿಟ್ಟಿದೆ. ಈ ಮನೆಗಳನ್ನೆಲ್ಲ ಕೆಡವಿಸಿ, ಲಿಫ್ಟು ಇರೋ ದೊಡ್ಡ ಕಟ್ಟಡ ಕಟ್ಟಿಸಬೇಕು ಅಂತ ನಮಗೆ ಬಹಳ ದಿನದ ಆಸೆ."

ಕಾಂತರಾಜಪ್ಪ ಕೇಳಿದ: "ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?"

"ನಂಬೋದು ಯಾರನ್ನ ಸ್ವಾಮಿ?" ಎಂದ ಖಾಸಿಂ ಸಾಬ. "ಬಿಲ್ಡರುಗಳ ಮಾತು ನಮಗೆ ಅರ್ಥ ಆಗಲ್ಲ. ನಮ್ಮ ಪರವಾಗಿ ನಿಂತು ಮಾತಾಡೋ ಒಬ್ಬ ಒಳ್ಳೆ ಮನುಷ್ಯ ಬೇಕಾಗಿತ್ತು. ಅದಕ್ಕೇ ಒಂದು ವರ್ಷ ನೋಡಿ ಮನೆ ಕೊಡ್ತಿದ್ವಿ. ಈಗ ನೀವು ಸಿಕ್ಕಿದ್ದೀರಿ. ನಾಲ್ಕು ಜನರ ಜೊತೆ ವ್ಯಾಪಾರ ಮಾಡಿದೋರು. ಗೊತ್ತಿರೋ ಬಿಲ್ಡರ್ ಒಬ್ಬನ್ನ ಕರ್ಕೊಂಡು ಬನ್ನಿ."

ಮಿಕ್ಕ ಹತ್ತು ಮನೆಗಳೂ ಅವನ ಜಗಲಿಗೇ ಬಂದು ಕೈಮುಗಿದು ಕೂತಿದ್ದವು. ಬಾಗಿಲ ಮರೆಯಲ್ಲಿ ಸರ್ವಮಂಗಳೆ ಕಿವಿಗೊಟ್ಟು ನಿಂತಿದ್ದಳು. ಕಾಂತರಾಜಪ್ಪ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದ.

"ಇಲ್ಲಮ್ಮ" ಎಂದ. "ಅಂಥವರು ಯಾರೂ ನನಗೆ ಗೊತ್ತಿಲ್ಲ."

ಬೀದಿ ನಿಟ್ಟುಸಿರು ಬಿಟ್ಟು ಎದ್ದಿತು. ಮರುದಿನ ಅವನು ತಾನೇ ನಿಂತು ತುಂಗಮ್ಮನ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿದ, ಸಾಬನ ಗೋಡೆಗೆ ಗಾರೆ ಹೊಡೆಸಿದ. ಕೆಲಸದವರಿಗೆ ಅವನು ಎಲ್ಲವನ್ನೂ ತಿಳಿದವನಂತೆ ಹೇಳಿಕೊಡುವುದನ್ನು ಕಂಡು ಬೀದಿಯವರಿಗೆ ಸೋಜಿಗವಾಯಿತು.

ತುಂಗಮ್ಮ ಮಾತ್ರ ಕಂಬಿ ಹಿಡಿದು ನಿಧಾನ ಹತ್ತುತ್ತ, ಕೇಳಿದವರಿಗೆಲ್ಲ ಹೇಳುತ್ತಿದ್ದಳು: "ಬಂಗಾರದಂಥ ಮನುಷ್ಯ. ಒಂದು ಸುಳ್ಳು ಆಡೋನಲ್ಲ. ಆದ್ರೆ ಪಾಪ, ನಮ್ಮ ಹಾಗೇ ಅವರಿಗೂ ಹೊರಗಿನ ಪ್ರಪಂಚ ಗೊತ್ತಿಲ್ಲ."