ಪರದೆಯ ಹಿಂದೆ ನಿಂತ ಲೆನೋರ್

ನನ್ನ ಅಕ್ಕ ಲೆನೋರ್ ಮೊದಲು ನಟಿ. ಆಮೇಲೆ ತಾನೇ ಸಿನಿಮಾ ತೆಗೆಯತೊಡಗಿದಳು. ನಮ್ಮೂರು ಮೂಂಟಾದ ತಾಮ್ರದ ಗಣಿ ಮುಚ್ಚಿ ಐದಾರು ವರ್ಷವಾದ ಮೇಲೆ, ಊರಿನ ವಿಧವೆಯರನ್ನೇ ಸೇರಿಸಿಕೊಂಡು ಮೂರನೆಯ ಚಿತ್ರ ಮಾಡಿದಳು. ನಾಯಕಿ ಅವಳೇ. ಗಣಿಯಲ್ಲಿ ಮಗನನ್ನು ಕಳೆದುಕೊಳ್ಳುವ ತಾಯಿಯ ಪಾತ್ರ ಪಕ್ಕದ ಮನೆಯ ಟ್ರೆಸೈಸ್ ಅಜ್ಜಿಯದು. ಅಜ್ಜಿಯ ಮಗ ನಿಜವಾಗಿಯೂ ಗಣಿಯಲ್ಲಿ ಸತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಫಿಲ್ಮ್ ಕತ್ತರಿಸಿ ಅಂಟಿಸುತ್ತಿದ್ದಳು. ಕಿಡಿ ತಗುಲಿದರೆ ಫಿಲ್ಮ್ ಭಗ್ಗನೆ ಹೊತ್ತಿಕೊಳ್ಳುತ್ತದೆಂದು ನಾನು ಸ್ಟವ್ ಹಚ್ಚದೆ ತಣ್ಣನೆಯ ಮಾಂಸ ಬಡಿಸುತ್ತಿದ್ದೆ.

ಚಿತ್ರ ಮುಗಿಯುವಷ್ಟರಲ್ಲಿ ಅಡಿಲೇಡಿಗೆ ಮಾತಾಡುವ ಸಿನಿಮಾ ಬಂದಿತ್ತು. ಮೂಕಿ ಚಿತ್ರ ಎಂದೊಡನೆ ಥಿಯೇಟರಿನವರೆಲ್ಲ ಬಾಗಿಲಲ್ಲೇ ಸಾಗಹಾಕಿದರು. ಕೊನೆಗೆ ನಮ್ಮೂರ ಸಭಾಂಗಣದ ಯಜಮಾನ ಟ್ರೆಂಬತ್ ಒಂದು ಶನಿವಾರ ಮಧ್ಯಾಹ್ನ ಬಿಟ್ಟುಕೊಟ್ಟ.

"ಆದ್ರೆ ಮಾತಿಲ್ದೆ ಜನ ಕೂರಲ್ಲ ಕಣಮ್ಮ," ಎಂದ.

"ನಾನೇ ಪರದೆ ಹಿಂದೆ ನಿಂತು ಮಾತಾಡ್ತೀನಿ," ಎಂದಳು ಅಕ್ಕ.

"ಎಲ್ಲಾರ್ದೂನಾ? ಗಂಡಸ್ರದೂ?"

"ಗಂಡಸ್ರದೇ ಸುಲಭ. ಗೊಣಗಿದ್ರೆ ಸಾಕು."

ಅರ್ಧ ಗಂಟೆ ಜನ ಸದ್ದಿಲ್ಲದೆ ನೋಡಿದರು. ಗಣಿಯಿಂದ ಮಗನ ಹೆಣ ಮೇಲೆ ತರುವ ದೃಶ್ಯ ಬಂದಾಗ ಟ್ರೆಂಬತ್‌ನ ಹಳೆಯ ಯಂತ್ರ ಇದ್ದಕ್ಕಿದ್ದಂತೆ ವೇಗವಾಗಿ ಓಡಿತು. ಅಕ್ಕನ ಮಾತು ಹಿಂದೆ ಬಿತ್ತು. ಪರದೆಯ ಮೇಲೆ ಪಾದ್ರಿ ಬಾಯಿ ತೆರೆದರೆ ಕೇಳಿಸಿದ್ದು ತಾಯಿಯ ಅಳು.

"ಪಾದ್ರಿಗೆ ಹೆರಿಗೆ ನೋವು ಕಣ್ರೋ!" ಎಂದು ಯಾರೋ ಒಬ್ಬ ಕೂಗಿದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಮೊದಲ ಸಾಲಿನಲ್ಲಿದ್ದ ಟ್ರೆಸೈಸ್ ಅಜ್ಜಿ ಎದ್ದು ಹೊರನಡೆದರು. ನಾನು ಹಿಂದೆಯೇ ಓಡಿದೆ.

"ತಪ್ಪು ಅವ್ಳದಲ್ಲ ಮಗಾ," ಎಂದರು. "ಆದ್ರೆ ನನ್ನ ಸಂಕಟಾನ ಇನ್ಯಾರಿಗೂ ತೋರಿಸ್ಬೇಡ ಅಂತ ಹೇಳು."

ಅಕ್ಕ ಕೊನೆಯವರೆಗೂ ಮಾತಾಡಿದಳು. ಹೊರಗೆ ಬಂದಾಗ ದನಿಯೇ ಹೋಗಿತ್ತು. ಅಜ್ಜಿಯ ಮಾತು ಹೇಳಿದೆ, ತಲೆಯಾಡಿಸಿದಳು.

ಮರುವಾರವೇ ಹಳೆಯ ಫಿಲ್ಮ್ ಕೊಳ್ಳುವವನನ್ನು ಕರೆಸಿದಳು. ಅವನು ಚಿತ್ರಗಳನ್ನೆಲ್ಲ ತೊಳೆದು ಬರಿಯ ಸೆಲ್ಯುಲಾಯ್ಡ್ ಮಾಡಿ ಮಾರುವವನು.

"ಮೊದ್ಲಿನ ಎರಡಾದ್ರೂ ಇರ್ಲಿ ಅಕ್ಕಾ," ಎಂದು ಬೇಡಿಕೊಂಡೆ.

"ಯಾರಿಗೆ, ವಿನೀ?"

ಮೂರೂ ಚಿತ್ರಗಳು ಅವನ ಗಾಡಿ ಹತ್ತಿದವು.

ಇಬ್ಬರೂ ಅಡಿಲೇಡಿನ ಒಂದು ಜಾಮ್ ಕಾರ್ಖಾನೆ ಸೇರಿದೆವು. ಒಂದು ದಿನ ಕೆಲಸದ ಹುಡುಗಿಯರು ಸಿನಿಮಾ ಮಾತಾಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ನಮ್ಮಕ್ಕ ಮೂರು ಸಿನಿಮಾ ತೆಗ್ದವ್ಳೆ. ನಟನೇನೂ ಅವ್ಳದೇ."

"ಹೌದಾ?" ಒಬ್ಬಳು ಕಣ್ಣರಳಿಸಿದಳು. "ಎಲ್ಲಿ ನೋಡ್ಬೋದು?"

ಅಕ್ಕ ಏಪ್ರಿಕಾಟಿನ ಬೀಜ ತೆಗೆಯುತ್ತ, ತಲೆಯೆತ್ತದೆ ಹೇಳಿದಳು:

"ಇವ್ಳ ಮಾತು ನಂಬ್ಬೇಡ್ರೇ. ಚಿಕ್ಕೋಳಿದ್ದಾಗ್ಲಿಂದ ಹಿಂಗೇ, ಸುಳ್ಳು ಹೇಳೋ ಚಟ."